ಸಸಿಯ ಸಾವು ಯಾರ ಖಾತೆಗೆ?

ವ್ಯಾಪಾರದಲ್ಲಿ ನಷ್ಟವಾಗುವುದು ಅಪರಾಧವಲ್ಲ. ಆದ ನಷ್ಟವನ್ನು ತಪ್ಪು ಖಾತೆಗೆ ಬರೆಯುವುದು ಅಪರಾಧ. ತರಕಾರಿ ಸಸಿಗಳ ನರ್ಸರಿ ಉದ್ಯಮವು ಈ ತಪ್ಪಿಗೆ ಸುಲಭವಾಗಿ ಒಳಗಾಗುತ್ತದೆ.

ಟೊಮೆಟೊ, ಮೆಣಸಿನಕಾಯಿ, ಬದನೆ ಸಸಿಗಳನ್ನು ಕಾಡುವ ‘ಸಸಿ ಸಾಯುವ ರೋಗ’ಕ್ಕೆ ಪಿಥಿಯಂ, ರೈಜೋಕ್ಟೋನಿಯಾ ಮೊದಲಾದ ಮಣ್ಣಿನ ರೋಗಾಣುಗಳು ಕಾರಣ. ಮೊಳೆತ ಸಸಿಯ ಬುಡ ಕೊಳೆತು ಒರಗಿದರೆ ರೋಗವೆಂದು ತಿಳಿಯುತ್ತದೆ. ಆದರೆ ಮೊಳಕೆಯು ಮಣ್ಣಿನೊಳಗೇ ಕೊಳೆತಾಗ ಹೊರಗೆ ಏನೂ ಕಾಣದು. ಆಗ ‘ಬೀಜವೇ ಕಳಪೆ’ ಎಂಬ ದೂರು ಬೀಜದ ಅಂಗಡಿಗೆ ಬರುತ್ತದೆ.

ಬೀಜ ನಿಜಕ್ಕೂ ಕಳಪೆಯಾಗಿದ್ದಲ್ಲಿ ರೈತರಿಗೆ ಪರಿಹಾರ ದೊರೆಯಲೇಬೇಕು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಸ್ಪಷ್ಟಪಡಿಸಿದೆ. ಆದರೆ ದೋಷ ಬೀಜದ್ದೋ ಮಣ್ಣಿನದೋ ಎಂಬುದನ್ನು ನಿರ್ಧರಿಸಲು ದಾಖಲೆ ಬೇಕು. 2008ರ ಹಣಕಾಸು ಕಾಯ್ದೆಯು ನರ್ಸರಿಯಲ್ಲಿ ಬೆಳೆದ ಸಸಿಗಳ ಆದಾಯವನ್ನು ಕೃಷಿ ಆದಾಯವೆಂದು ಪರಿಗಣಿಸಿತು. ತೆರಿಗೆ ಇಲ್ಲವೆಂದ ಮಾತ್ರಕ್ಕೆ ಲೆಕ್ಕವೂ ಬೇಡವೆಂದು ಭಾವಿಸುವುದು ಸಲ್ಲದು.

ಒಂದು ಸರಳ ಲೆಕ್ಕ ನೋಡೋಣ. 98 ಕುಳಿಗಳ 100 ಟ್ರೇಗಳಲ್ಲಿ 9,800 ಬೀಜ ಬಿತ್ತಿ, ಶೇಕಡಾ 20ರಷ್ಟು ಸತ್ತರೆ ಉಳಿಯುವುದು 7,840 ಸಸಿ. ಸತ್ತದ್ದು ಶೇಕಡಾ 20 ಆದರೂ ಉಳಿದ ಪ್ರತಿ ಸಸಿಯ ಉತ್ಪಾದನಾ ವೆಚ್ಚ ಏರುವುದು ಶೇಕಡಾ 25ರಷ್ಟು! ದುಬಾರಿ ಹೈಬ್ರಿಡ್ ಬೀಜವಾದರೆ ಲಾಭವೆಲ್ಲ ಇಲ್ಲಿಯೇ ಕರಗುತ್ತದೆ.

ಇದರ ಮುಂದೆ ಮುನ್ನೆಚ್ಚರಿಕೆಯ ವೆಚ್ಚ ಅಲ್ಪ. ಹಳೆಯ ಟ್ರೇಗಳನ್ನು ತೊಳೆದು ಶುದ್ಧಗೊಳಿಸುವುದು, ನೀರು ನಿಲ್ಲದಂತೆ ನೋಡಿಕೊಳ್ಳುವುದು, ಪಾತಿಯಲ್ಲಿ ಒತ್ತಾಗಿ ಬಿತ್ತದಿರುವುದು, ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡುವುದು, ಇಷ್ಟೇ.

ಇದರೊಡನೆ ಒಂದು ವಹಿಯೂ ಇರಲಿ: ಬೀಜದ ಲಾಟ್ ಸಂಖ್ಯೆ, ಬಿತ್ತಿದ ದಿನಾಂಕ, ಮೊಳೆತವೆಷ್ಟು, ಸತ್ತವೆಷ್ಟು. ಬಿಲ್ಲು, ಪೊಟ್ಟಣಗಳನ್ನು ಕಾದಿರಿಸಿ, ಅದೇ ಲಾಟಿನ ಕೆಲವು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿ ನೋಡಬೇಕು. ಬಟ್ಟೆಯಲ್ಲಿ ಚೆನ್ನಾಗಿ ಮೊಳೆತ ಬೀಜ ಟ್ರೇಯಲ್ಲಿ ಮೇಲೇಳದಿದ್ದರೆ ಮಣ್ಣು, ನೀರುಗಳನ್ನೇ ಮೊದಲು ಪರೀಕ್ಷಿಸಬೇಕಾಗುತ್ತದೆ.

ನಮ್ಮ ಸಂಸ್ಥೆಯು ಬೀಜ ಮಾರಾಟಗಾರರನ್ನೂ ನರ್ಸರಿ ಮಾಲೀಕರನ್ನೂ ಒಂದೆಡೆ ಸೇರಿಸಿ ಇಂತಹ ಒಂದು ಪುಟದ ಮಾದರಿ ವಹಿಯನ್ನು ರೂಪಿಸಬೇಕೆಂಬುದು ನನ್ನ ಸಲಹೆ. ಲೆಕ್ಕ ಸರಿಯಿದ್ದಲ್ಲಿ ಅರ್ಧ ವ್ಯಾಜ್ಯ ಹುಟ್ಟುವುದೇ ಇಲ್ಲ.