ಕತೆ ಚಿತ್ರವಾದ ಬಗೆ

“ಒಳ್ಳೆಯ ಕತೆಯನ್ನು ಕೆಡಿಸಿಬಿಟ್ಟರು” ಎಂಬ ದೂರು ಹುಟ್ಟದ ಮನೆಯು ಈಗ ಇರಲಾರದು. ಕಳೆದ ಭಾನುವಾರ ನಮ್ಮ ಮನೆಯಲ್ಲಿಯೂ ಅದನ್ನು ಕೇಳಬೇಕಾಯಿತು. ಹೇಳಿದವರು ನಮ್ಮ ಅಕ್ಕ. ನೋಡಿದ ಚಿತ್ರವು, ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ವರ್ಷವಾದ 1961ರಲ್ಲಿ ಸತ್ಯಜಿತ್ ರಾಯರು ಅವರ ಮೂರು ಸಣ್ಣಕತೆಗಳಿಂದ ರಚಿಸಿದ ‘ತೀನ್ ಕನ್ಯಾ’. ಅದರಲ್ಲಿಯೂ ಮೊದಲನೆಯದಾದ ‘ಪೋಸ್ಟ್ ಮಾಸ್ಟರ್’. ಅಕ್ಕ ಆ ಕತೆಯನ್ನು ಹುಡುಗಿಯಾಗಿದ್ದಾಗ ಕನ್ನಡದಲ್ಲಿ ಓದಿ ಅತ್ತವರು. ಅಂದು ತಮ್ಮನ್ನು ಅಳಿಸಿದ್ದು ಯಾವುದೂ ಚಿತ್ರದಲ್ಲಿ ಇಲ್ಲವೆಂಬುದೇ ಅವರ ಆಕ್ಷೇಪಣೆ.

ವಾಚಕರಲ್ಲಿ ಕತೆಯನ್ನು ಮರೆತವರಿದ್ದರೆ ನೆನಪಿಗಾಗಿ ಹೇಳುತ್ತೇವೆ. ಅದು 1891ರದು. ಕಲಕತ್ತೆಯ ತರುಣನೊಬ್ಬನು ಕುಗ್ರಾಮವೊಂದರ ಅಂಚೆಮನೆಗೆ ಬರುತ್ತಾನೆ. ತಂದೆತಾಯಿಗಳಿಲ್ಲದ ರತನ್ ಎಂಬ ಹುಡುಗಿ ಅವನ ಮನೆಗೆಲಸಕ್ಕಿದ್ದಾಳೆ. ಹೊತ್ತು ಹೋಗದೆ ಅವನು ಅವಳಿಗೆ ಅಕ್ಷರ ಕಲಿಸುತ್ತಾನೆ. ಅವನಿಗೆ ಜ್ವರ ಬಂದಾಗ ಆ ಹುಡುಗಿ ತಾಯಿಯಂತೆ ಆರೈಕೆ ಮಾಡುತ್ತಾಳೆ. ಬಳಿಕ ಅವನು ಕೆಲಸವನ್ನು ಬಿಟ್ಟು ಊರಿಗೆ ಹೊರಡುತ್ತಾನೆ. ತನ್ನನ್ನೂ ಕರೆದೊಯ್ಯುವಿರಾ ಎಂದು ಅವಳು ಕೇಳಿದರೆ, ಅದು ಹೇಗಾದೀತೆಂದು ನಕ್ಕುಬಿಡುತ್ತಾನೆ. ಹೊರಡುವಾಗ ಕೊಡಬಂದ ಹಣವನ್ನು ಒಲ್ಲದೆ ಅವಳು ಕಾಲಿಗೆ ಬಿದ್ದು ಬೇಡಿಕೊಂಡು ಓಡಿಹೋಗುತ್ತಾಳೆ. ದೋಣಿ ಸಾಗಿದ ಮೇಲೆ ಅವನ ಮನಸ್ಸು ಹಿಂದಕ್ಕೆಳೆದರೂ, ಬಾಳಿನಲ್ಲಿ ಇಂತಹ ಅಗಲಿಕೆಗಳು ಎಷ್ಟೋ ಎಂಬ ತತ್ತ್ವದಿಂದ ಸಮಾಧಾನ ತಂದುಕೊಳ್ಳುತ್ತಾನೆ. ಹುಡುಗಿಗೆ ಅಂತಹ ತತ್ತ್ವವಾವುದೂ ಇಲ್ಲ. ಅವಳು ಅಂಚೆಮನೆಯ ಸುತ್ತಲೇ ಅಳುತ್ತ ಸುತ್ತುತ್ತಿರುತ್ತಾಳೆ.

ರಾಯರ ಚಿತ್ರದಲ್ಲಿ ಕಾಲಿಗೆ ಬೀಳುವುದೂ ಇಲ್ಲ, ದೋಣಿಯ ಮೇಲಿನ ತತ್ತ್ವವೂ ಇಲ್ಲ. ಹೊರಟು ನಿಂತ ಪೋಸ್ಟ್ ಮಾಸ್ಟರನು ಅವಳಿಗೆಂದು ಹಣವನ್ನು ಕೈಗೆ ತೆಗೆದುಕೊಂಡಿದ್ದಾನೆ. ನೀರು ತುಂಬಿದ ಬಕೀಟನ್ನು ಎತ್ತಿಕೊಂಡು ರತನ್ ಎದುರಿಗೆ ಬರುತ್ತಾಳೆ. ಅವನತ್ತ ನೋಡದೆಯೇ ದಾಟಿಹೋಗುತ್ತಾಳೆ. ನೀರು ತಂದಿರುವೆನೆಂದು ಹೊಸ ಪೋಸ್ಟ್ ಮಾಸ್ಟರನಿಗೆ ಹೇಳುವ ಅವಳ ದನಿ ಮಾತ್ರ ಕೇಳಿಸುತ್ತದೆ. ಇವನು ಹಣವನ್ನು ಜೇಬಿಗೆ ಸೇರಿಸಿ ನಡೆಯುತ್ತಾನೆ.

ಈ ನೀರು ಎಲ್ಲಿಂದ ಬಂದಿತು? ಕತೆಯಿಂದಲೇ. ಠಾಕೂರರ ತರುಣನು ಹಳ್ಳಿಯವರಂತೆ ನದಿಗಿಳಿಯದೆ, ಪಟ್ಟಣದ ಅಭ್ಯಾಸದಂತೆ ತಂದಿಟ್ಟ ನೀರಿನಲ್ಲಿ ಸ್ನಾನ ಮಾಡತಕ್ಕವನು. ಅವನು ಎಷ್ಟು ಹೊತ್ತಿಗೆ ಹೊರಡುವನೆಂಬುದನ್ನು ಬಾಯಿಬಿಟ್ಟು ಕೇಳಲಾರದೆ, ರತನ್ ಇನ್ನೂ ಕತ್ತಲಿರುವಾಗಲೇ ನೀರು ತಂದಿಟ್ಟಿರುತ್ತಾಳೆ. ಓದುವ ಭರದಲ್ಲಿ ನಾವೆಲ್ಲರೂ ಹಾರಿಸಿಬಿಡುವ ಸಂಗತಿಯಿದು. ರಾಯರು ಅದನ್ನು ಹೆಕ್ಕಿ ಕೊನೆಗೆ ಇರಿಸಿದರು. ಇದನ್ನು ಕೆಡಿಸಿದುದೆಂದು ಹೇಳಲು ನಮಗೆ ನಾಲಗೆ ಏಳದು. ಇಷ್ಟು ಎಚ್ಚರದಿಂದ ಓದತಕ್ಕವರು ನಮ್ಮಲ್ಲಿ ಎಷ್ಟು ಮಂದಿ?

ಅಕ್ಕನ ಮುಂದೆ ನಮ್ಮ ನಾಡಿನದೇ ಒಂದು ನಿದರ್ಶನವನ್ನೂ ಇಟ್ಟೆವು. ವೈದೇಹಿಯವರ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’, ಸಣ್ಣ ಊರಿಗೆ ಟಾಕೀಸು ಬಂದಾಗ ಅಲ್ಲಿಯ ಹೆಂಗಸರ ಬಾಳಿನಲ್ಲಿ ಎದ್ದ ಅಲೆಗಳ ಕತೆ. ಗಿರೀಶ ಕಾಸರವಳ್ಳಿಯವರ 2008ರ ‘ಗುಲಾಬಿ ಟಾಕೀಸ್’ ಚಿತ್ರದಲ್ಲಿ ಮೀನುಗಾರರ ಊರಿನ ಸೂಲಗಿತ್ತಿಯಾದ ಗುಲಾಬಿಯ ಮನೆಗೆ ಟೆಲಿವಿಷನ್ ಪೆಟ್ಟಿಗೆಯೇ ಬಂದುಬಿಡುತ್ತದೆ. ಉಮಾಶ್ರೀಯವರಿಗೆ ಆ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಕತೆಯ ಲವಲವಿಕೆ ಚಿತ್ರದಲ್ಲಿ ಕಡಮೆಯೆಂದು ನಮಗೂ ತೋರಿತು. ಆದರೂ ಒಂದೇ ತವರಿನ ಇಬ್ಬರು ಹೆಣ್ಣುಮಕ್ಕಳನ್ನು ಒಂದೇ ಮುಖವಿಲ್ಲವೆಂದು ದೂರುವುದುಂಟೆ?

ಅಕ್ಕನಿಗೆ ಈ ವಾದವೊಂದೂ ರುಚಿಸಲಿಲ್ಲ.

ಆದರೆ ಅಂದು ಬಾಗಿಲ ಬಳಿ ಕುಳಿತು ಚಿತ್ರವನ್ನು ನೋಡಿದವಳು ಇನ್ನೊಬ್ಬಳಿದ್ದಳು. ಒಂಬತ್ತನೆಯ ವಯಸ್ಸಿನಲ್ಲಿ ನಮ್ಮ ಮನೆಯ ಕೆಲಸಕ್ಕೆ ಬಂದು ಇಲ್ಲಿಯೇ ಮುದುಕಿಯಾದವಳು. ಓದು ಬಾರದು, ನಾವು ಯಾರೂ ಕಲಿಸಲೂ ಇಲ್ಲ. ಬಂಗಾಳಿಯ ಒಂದು ಮಾತೂ ತಿಳಿಯದಿದ್ದರೂ ಕೊನೆಯವರೆಗೆ ಕಣ್ಣು ಕೀಳದೆ ನೋಡಿದಳು. ದೀಪ ಹಾಕಿದ ಮೇಲೆ, “ದುಡ್ಡು ಮುಟ್ಟಲಿಲ್ಲ, ಒಳ್ಳೇದು ಮಾಡಿದಳು” ಎಂದಳು. ಅಕ್ಕ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಆಕೆ ನಮ್ಮ ಕಡೆ ತಿರುಗಿ, “ಅಕ್ಷರ ಕಲಿಸಿದ್ನಲ್ಲ ಬುದ್ಧಿ, ಆಮೇಲೆ ಒಂದು ಕಾಗದನಾದರೂ ಬರೆದನಾ?” ಎಂದು ಕೇಳಿದಳು.

ಕತೆಯಲ್ಲಿಯೂ ಇಲ್ಲ, ಚಿತ್ರದಲ್ಲಿಯೂ ಇಲ್ಲವೆಂದೆವು.