ಸಾಧನವಲ್ಲ, ಸಂಗಾತಿ

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಪದಕ ಪ್ರದಾನ ಸಮಾರಂಭದ ಒಂದು ದೃಶ್ಯ ಸ್ಮರಣಾರ್ಹವಾದುದು. ಡ್ರೆಸಾಜ್ ಎಂಬ ಅಶ್ವಸ್ಪರ್ಧೆಯಲ್ಲಿ ಚಿನ್ನ ಗೆದ್ದ ಸ್ವೀಡನ್ನಿನ ಸೇಂಟ್ ಸಿರ್ ಅವರು, ಬೆಳ್ಳಿ ಗೆದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆಗೆ ವೇದಿಕೆ ಏರಲು ನೆರವಾದರು. 1944ರಲ್ಲಿ, ಗರ್ಭಿಣಿಯಾಗಿದ್ದಾಗಲೇ, ಪೋಲಿಯೋ ಪೀಡಿತರಾದ ಆಕೆಯ ಮೊಣಕಾಲಿನ ಕೆಳಗೆ ಶಕ್ತಿ ಮರಳಿರಲಿಲ್ಲ. ಕುದುರೆಯನ್ನೇರಲು ಪರರ ನೆರವು ಬೇಕಿತ್ತು. ಏರಿದ ಮೇಲೆ ಮಾತ್ರ ಯಾರ ನೆರವೂ ಬೇಕಿರಲಿಲ್ಲ. ಅದುವರೆಗೆ ಪುರುಷರಿಗಷ್ಟೇ ಮೀಸಲಾಗಿದ್ದ ಆ ಸ್ಪರ್ಧೆ ಮಹಿಳೆಯರಿಗೆ ತೆರೆದುಕೊಂಡ ಮೊದಲ ವರ್ಷವೂ ಅದೇ ಆಗಿತ್ತು.

ಆ ಬೆಳ್ಳಿಯ ಪದಕ ಅನೇಕರ ಕಣ್ತೆರೆಸಿತು. ಐರೋಪ್ಯ ದೇಶಗಳಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಕುದುರೆಯ ಬೆನ್ನೇರಿಸುವ ಕೇಂದ್ರಗಳು ಒಂದೊಂದಾಗಿ ಹುಟ್ಟಿಕೊಂಡವು. 1969ರಲ್ಲಿ ಬ್ರಿಟನ್ನಿನಲ್ಲಿ ಇದಕ್ಕೆಂದೇ ರಾಷ್ಟ್ರೀಯ ಸಂಘವೊಂದು ಸ್ಥಾಪನೆಗೊಂಡಿತು. 1996ರ ಅಟ್ಲಾಂಟಾ ಪ್ಯಾರಾಲಿಂಪಿಕ್ಸ್‌ನಲ್ಲಿ ಅಶ್ವಸ್ಪರ್ಧೆಗೂ ಸ್ಥಾನ ದೊರೆಯಿತು.

ಕುದುರೆಯಿಂದ ಮಗುವಿಗೆ ಆಗುವ ಉಪಕಾರವೇನು? ನಡೆಯುವ ಕುದುರೆಯ ಬೆನ್ನು ಹಿಂದೆ ಮುಂದೆ, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಲಯಬದ್ಧವಾಗಿ ಚಲಿಸುತ್ತದೆ. ಆ ಚಲನೆಯಿಂದ ಸವಾರನ ಸೊಂಟವೂ, ಮನುಷ್ಯನು ನಡೆಯುವಾಗ ಅಲುಗುವಂತೆಯೇ ಅಲುಗುತ್ತದೆ. ಸೆರೆಬ್ರಲ್ ಪಾಲ್ಸಿಯಿಂದಾಗಿ ಒಂದು ಹೆಜ್ಜೆಯನ್ನೂ ಇಡದ ಮಗುವಿನ ದೇಹಕ್ಕೆ ನಡಿಗೆಯ ಅನುಭವ ಹೀಗೆ ಪ್ರಾಪ್ತವಾಗುತ್ತದೆ. ಪ್ರತಿ ಹೆಜ್ಜೆಗೂ ಮಗು ತನ್ನ ಸಮತೋಲವನ್ನು ತಾನೇ ಸರಿಪಡಿಸಿಕೊಳ್ಳಬೇಕಾಗುತ್ತದೆ. ಒಬ್ಬರು ಕುದುರೆಯನ್ನು ನಡೆಸುತ್ತಾರೆ; ಅಗತ್ಯವಿದ್ದಲ್ಲಿ ಇಬ್ಬರು ಅಕ್ಕಪಕ್ಕದಲ್ಲಿ ಮಗುವಿಗೆ ಆಸರೆಯಾಗಿ ಸಾಗುತ್ತಾರೆ. ಚಿಕ್ಕ ಮಕ್ಕಳಿಗೆ ಪೋನಿ ಎಂಬ ಗಿಡ್ಡ ಕುದುರೆ ಅನುಕೂಲ. ಪಕ್ಕದಲ್ಲಿ ನಡೆಯುವವರ ಕೈ ಮಗುವಿಗೆ ಸುಲಭವಾಗಿ ಎಟಕುತ್ತದೆ.

ದೇಹಕ್ಕಿಂತ ಮಿಗಿಲಾದ ಲಾಭವೂ ಉಂಟು. ಗಾಲಿಕುರ್ಚಿಯಲ್ಲಿ ಕುಳಿತ ಮಗು ದಿನವಿಡೀ ಎಲ್ಲರನ್ನೂ ಕತ್ತೆತ್ತಿ ನೋಡಬೇಕು. ಕುದುರೆಯ ಮೇಲೆ ಕುಳಿತಾಗ ಉಳಿದವರೇ ಅದನ್ನು ಕತ್ತೆತ್ತಿ ನೋಡುತ್ತಾರೆ. ಸದಾ ಇತರರ ಅಪ್ಪಣೆಯನ್ನು ಪಾಲಿಸುವ ಮಗು ಇಲ್ಲಿ ತಾನೇ ‘ನಡೆ’ ಎನ್ನುತ್ತದೆ, ಅಷ್ಟು ದೊಡ್ಡ ಪ್ರಾಣಿ ಹೆಜ್ಜೆಯಿಡುತ್ತದೆ. ಸವಾರಿಗೆ ಅಂಜುವ ಮಗುವೂ ನೆಲದ ಮೇಲೆ ನಿಂತು ಕುದುರೆಯ ಮೈ ಉಜ್ಜಬಹುದು, ಮೇವು ನೀಡಬಹುದು. ಹುಟ್ಟಿನಿಂದಲೂ ಅನ್ಯರ ಆರೈಕೆಯಲ್ಲೇ ಬೆಳೆದ ಜೀವ ತಾನು ಇನ್ನೊಂದು ಜೀವವನ್ನು ಆರೈಕೆ ಮಾಡಬಲ್ಲೆನೆಂಬುದನ್ನು ಆಗ ಅರಿಯುತ್ತದೆ.

ಇದು ಪವಾಡವಲ್ಲ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಟಿಸಂ ಇರುವ 127 ಮಕ್ಕಳು ಮತ್ತು ಹದಿಹರೆಯದವರು ಪಾಲ್ಗೊಂಡಿದ್ದರು. 10 ವಾರ ಸವಾರಿ ಮಾಡಿದವರಲ್ಲಿ ಸಿಡುಕು, ಚಡಪಡಿಕೆಗಳು ಇತರರಿಗಿಂತ ಹೆಚ್ಚು ಕಡಮೆಯಾಗಿ, ಮಾತು ವೃದ್ಧಿಸಿದುದು ಕಂಡುಬಂದಿತು. ಆದರೆ ಆಟಿಸಂ ಅಳಿಯಿತೆಂದು ಆ ಅಧ್ಯಯನ ಹೇಳುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲ ಮಕ್ಕಳ ಕತ್ತಿನ ಮೂಳೆಗಳು ಸಡಿಲವಾಗಿರುವುದರಿಂದ ವೈದ್ಯರ ಒಪ್ಪಿಗೆಯಿಲ್ಲದೆ ಅವರನ್ನು ಕುದುರೆಯೇರಿಸುವುದು ಅಪಾಯಕರ. ಸಂಪೂರ್ಣ ಗುಣವಾಗುವುದೆಂದು ಆಸೆ ತೋರಿಸಿ ಹಣ ಕೇಳುವವರ ವಿಷಯದಲ್ಲಿ ತಂದೆತಾಯಂದಿರು ಎಚ್ಚರದಿಂದಿರುವುದು ಲೇಸು.

ಈ ಸಂದರ್ಭದಲ್ಲಿ ನಮಗೆ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ ನೆನಪಾಗುತ್ತಾರೆ. ಹನ್ನೊಂದರ ಹರೆಯದಲ್ಲಿ ಅಜ್ಜನ ತೋಟದ ಲಾಯಕ್ಕೆ ಕದ್ದು ಹೋಗಿ ಬೂದು ಬಣ್ಣದ ಕುದುರೆಯೊಂದರ ಕೊರಳು ಸವರುತ್ತಿದ್ದುದನ್ನು ಅವರು ಬರೆದಿದ್ದಾರೆ. ತಾನಲ್ಲದ ಮತ್ತೊಂದು ಜೀವ ತನ್ನನ್ನು ಹತ್ತಿರ ಸೇರಿಸಿಕೊಂಡಿತೆಂಬುದು ಆ ಬಾಲಕನ ಅನುಭವ. ಒಂದು ದಿನ ಸವರುತ್ತಿರುವಾಗ ‘ಇದೆಷ್ಟು ಸೊಗಸು’ ಎಂಬ ಭಾವ ಮೂಡಿ, ಅವನ ಗಮನ ಕುದುರೆಯಿಂದ ತನ್ನ ಕೈಯತ್ತ ಹೊರಳಿತು. ಆಟ ಎಂದಿನಂತೆ ಸಾಗಿದರೂ ಏನೋ ಕಳೆದುಹೋಗಿತ್ತು; ಮರುದಿನ ಕುದುರೆ ತಲೆಯೆತ್ತಲಿಲ್ಲ. ಎದುರಿನ ಜೀವ ‘ನೀನು’ ಆಗಿರುವವರೆಗೆ ಮಾತ್ರ ಸಂಬಂಧ. ನಮ್ಮ ಸುಖದ ಸಾಮಗ್ರಿಯಾದ ಕ್ಷಣವೇ ಅದು ಬರಿಯ ‘ಅದು’.

ಕುದುರೆಯನ್ನು ‘ಬಳಸುವುದು’ ಎಂಬ ಮಾತನ್ನು ನಾವು ಎಚ್ಚರದಿಂದ ಆಡಬೇಕಾದುದು ಈ ಕಾರಣಕ್ಕಾಗಿಯೇ. ಅದಕ್ಕೂ ದಣಿವುಂಟು, ಬೆನ್ನುನೋವುಂಟು. ಭಾರದ ಮಿತಿ, ವಿಶ್ರಾಂತಿ, ಗೊರಸಿನ ಆರೈಕೆ ಇಲ್ಲದೆಡೆ ಒಂದು ದುರ್ಬಲ ಜೀವಕ್ಕಾಗಿ ಮತ್ತೊಂದು ಮೂಕ ಜೀವವನ್ನು ಹಿಂಸಿಸಿದಂತಾಗುತ್ತದೆ. ಮಗುವಿನ ವಿಷಯದಲ್ಲಂತೂ ಈ ಎಚ್ಚರ ಇನ್ನೂ ಅಗತ್ಯ. ಅದನ್ನು ನಮ್ಮ ಸೇವೆಯ ಪ್ರದರ್ಶನಕ್ಕೆ, ಛಾಯಾಚಿತ್ರಕ್ಕೆ, ವಾರ್ಷಿಕ ವರದಿಗೆ ಬಳಸಿಕೊಂಡಾಗ ನಮ್ಮ ಗಮನವೂ ನಮ್ಮ ಕೈಯತ್ತಲೇ ಹೊರಳಿರುತ್ತದೆ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಕುದುರೆ ನಿಮ್ಮ ಮಗುವಿನ ನ್ಯೂನತೆಯ ಹೆಸರನ್ನು ಕೇಳುವುದಿಲ್ಲ. ತನ್ನ ಬೆನ್ನಿನ ಮೇಲಿನ ಕೈ ಹಿತವಾಗಿದೆಯೇ ಎಂಬುದಷ್ಟೇ ಅದಕ್ಕೆ ಮುಖ್ಯ. ನಾವು ಮನೆಗಳಿಗೆ ಭೇಟಿಯಿತ್ತಾಗ ಒಳಕೋಣೆಯ ಬಾಗಿಲು ಮೆಲ್ಲನೆ ಮುಚ್ಚಿಕೊಂಡುದನ್ನು ಕಂಡದ್ದುಂಟು. ಒಳಗೊಂದು ಮಗುವಿರುತ್ತದೆ, ನೆಂಟರಿಷ್ಟರು ಬಂದಾಗ ಹೊರಗೆ ಬಾರದ ಮಗು. ಆ ಬಾಗಿಲನ್ನು ಮುಚ್ಚುವ ತಾಯಿಯನ್ನು ನಾವು ದೂಷಿಸಲಾರೆವು. ನೋಡುವ ನಮ್ಮ ಕಣ್ಣುಗಳಿಗೆ ಆಕೆ ಅಂಜುತ್ತಾಳೆ.

ಎಲ್ಲ ಊರುಗಳಲ್ಲಿಯೂ ಇಂಥ ಕುದುರೆ ಲಾಯ ಕಟ್ಟುವುದು ಸಾಧ್ಯವಾಗದು. ಆದರೆ ಆ ಮಗುವಿಗೂ ಒಂದು ಕೆಲಸ ಕೊಡುವುದು, ಹಟ್ಟಿಯ ಕರುವಿಗೆ ಅದರ ಕೈಯಿಂದಲೇ ಹುಲ್ಲು ತಿನ್ನಿಸುವುದು, ಹೆಸರು ಹಿಡಿದು ಕರೆದು ಅದರ ಉತ್ತರಕ್ಕಾಗಿ ಕಾಯುವುದು ನಮ್ಮಿಂದಾಗದ ಕಾರ್ಯವೇನಲ್ಲ. ಕುದುರೆ ನೀಡುವ ಮನ್ನಣೆಯನ್ನು ಮನುಷ್ಯರಾದ ನಾವು ನೀಡಲಾರೆವೇ? ಮುಂದಿನ ಬಾರಿ ಆ ಬಾಗಿಲು ಮುಚ್ಚುವ ಮುನ್ನ, ‘ಮಗು ಎಲ್ಲಿದೆ? ಅದರೊಡನೆ ಮಾತನಾಡಬೇಕಿತ್ತು’ ಎಂದು ಕೇಳೋಣ.