ಕೋಣೆಯೊಳಗಿನ ಬೇಸಾಯಕ್ಕೆ ನಮ್ಮ ದುಡ್ಡೇಕೆ?

ನಗರದ ಕಟ್ಟಡಗಳೊಳಗೆ ಮಾಡುವ ಲಂಬ ಕೃಷಿಯೇ ನಾಳಿನ ಬೇಸಾಯ ಎಂದು ಹೊಗಳುವ ಬರಹಗಳು ಮೇಲಿಂದ ಮೇಲೆ ಬರುತ್ತಿವೆ. ಕೇಂದ್ರದ ತೋಟಗಾರಿಕೆ ಯೋಜನೆಯಾದ ಎಂಐಡಿಎಚ್‌ನ 2025ರ ಪರಿಷ್ಕೃತ ಮಾರ್ಗಸೂಚಿಯಲ್ಲೂ ಮಣ್ಣಿಲ್ಲದೆ ಬೆಳೆಯುವ ಹೈಡ್ರೋಪೋನಿಕ್ಸ್, ಲಂಬ ಕೃಷಿಗಳಿಗೆ ಜಾಗ ಸಿಕ್ಕಿದೆ. ಸಹಾಯಧನ ಇನ್ನು ಆ ಕಡೆಗೂ ಹರಿಯುತ್ತದೆ ಎಂದಾಯಿತು. ಸವದತ್ತಿ ಸೀಮೆಯ ಎರೆ ಹೊಲ ನಂಬಿದ ನನ್ನಂಥವರ ತಕರಾರು ಇರುವುದು ಇಲ್ಲಿಯೇ.

ಲಂಬ ಕೃಷಿಯ ಗುಣವನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿದ ಕೋಣೆಯಲ್ಲಿ ಅಂತಸ್ತು ಅಂತಸ್ತಾಗಿ ತಟ್ಟೆ ಜೋಡಿಸಿ, ಬೇರಿಗೆ ಪೋಷಕಾಂಶ ಬೆರೆಸಿದ ನೀರು ಹಾಯಿಸಿ, ಎಲ್‌ಇಡಿ ಬೆಳಕಿನಲ್ಲಿ ಸೊಪ್ಪು ಬೆಳೆಯುತ್ತಾರೆ. ಅದೇ ನೀರು ತಿರುಗಿ ತಿರುಗಿ ಬಳಕೆಯಾಗುವುದರಿಂದ ಶೇ 90ರಷ್ಟು ನೀರು ಉಳಿಯುತ್ತದೆ. ಹುಳದ ಕಾಟ ಕಡಿಮೆ, ಔಷಧ ಹೊಡೆಯುವ ಗೊಡವೆಯೂ ಕಡಿಮೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಹೊಳೆದಂಡೆಯ ಪೈರು ನೀರುಪಾಲಾಯಿತು, 2023ರಲ್ಲಿ ಮಳೆಯೇ ಕೈಕೊಟ್ಟಿತು. ಕೋಣೆಯ ಬೆಳೆಗೆ ಈ ಎರಡು ಭಯವೂ ಇಲ್ಲ.

ಆದರೆ ಅಲ್ಲಿ ಬೆಳೆಯುವುದಾದರೂ ಏನು? ಲೆಟ್ಯೂಸ್, ಬೇಸಿಲ್, ಮೈಕ್ರೋಗ್ರೀನ್. ಗಿಡವೆಲ್ಲ ತಿನ್ನಲು ಬರುವ, ತಿಂಗಳು ಒಪ್ಪತ್ತಿನಲ್ಲಿ ಕೊಯ್ಲಿಗೆ ಬರುವ ಸೊಪ್ಪಿಗೆ ಮಾತ್ರ ಆ ಲೆಕ್ಕ ಕೂಡುತ್ತದೆ. ಜೋಳ, ಕಡ್ಲಿ, ತೊಗರಿ, ಹೆಸರು, ಶೇಂಗಾ ಯಾವುದೂ ಆ ತಟ್ಟೆಗೆ ಒಗ್ಗುವುದಿಲ್ಲ. ತಿಂಗಳುಗಟ್ಟಲೆ ಬೆಳಕು ಕುಡಿಯುವ ಆಳೆತ್ತರದ ಜೋಳದ ದಂಟನ್ನು ಕರೆಂಟಿನ ಕೆಳಗೆ ಬೆಳೆಸಿದರೆ ಆ ರೊಟ್ಟಿಯನ್ನು ಕೊಂಡು ತಿನ್ನುವವರು ಯಾರು?

ನೀರಿನ ಉಳಿತಾಯದ ಮಾತಿಗೂ ನಮ್ಮಲ್ಲಿ ಉತ್ತರವಿದೆ. ಹಿಂಗಾರಿಯಲ್ಲಿ ಬಿತ್ತಿದ ಮಾಲದಂಡಿ ಜೋಳಕ್ಕೆ ನಾವು ನೀರೇ ಹಾಯಿಸುವುದಿಲ್ಲ. ಎರೆಮಣ್ಣು ಹಿಡಿದಿಟ್ಟ ಹಸಿಯಲ್ಲೇ ತೆನೆ ಕಟ್ಟುತ್ತದೆ. ಕಾಳು ನಮಗೆ, ಕಣಕಿ ದನಕ್ಕೆ. ಬಿತ್ತದೆಯೇ ಅದೇ ಹೊಲದಲ್ಲಿ ಹುಟ್ಟುವ ಹಕ್ಕರಿಕಿ ಪಲ್ಯ ರೊಟ್ಟಿಯ ಮಗ್ಗುಲಿಗೆ ಹಸಿಯಾಗಿಯೇ ಬರುತ್ತದೆ. ಈ ಬೇಸಾಯಕ್ಕೆ ಯಾವ ಯೋಜನೆಯೂ ‘ಹೈಟೆಕ್’ ಎಂಬ ಹೆಸರು ಕೊಟ್ಟಿಲ್ಲ, ಬಿಡಿ.

ಇನ್ನು ಕರೆಂಟು. ನಿಯಂತ್ರಿತ ಬೇಸಾಯದ ಕುರಿತ 2021ರ ಜಾಗತಿಕ ಸಮೀಕ್ಷೆಯೊಂದರಂತೆ ಲಂಬ ಕೃಷಿಯಲ್ಲಿ ಒಂದು ಕಿಲೋ ಫಸಲಿಗೆ ಸರಾಸರಿ 38.8 ಯೂನಿಟ್ ವಿದ್ಯುತ್ ಬೇಕು. ಬಿಸಿಲನ್ನೇ ನೆಚ್ಚಿದ ಹಸಿರುಮನೆಗೆ 5.4 ಯೂನಿಟ್ ಸಾಕು. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಕಿಲೋ ಸೊಪ್ಪಿಗೆ ಕರೆಂಟಿನ ಖರ್ಚೇ 270 ರೂಪಾಯಿ ದಾಟಿತು. ಬೈಲಹೊಂಗಲದ ಸಂತೆಯಲ್ಲಿ ಮೆಂತ್ಯೆ, ಸಬ್ಬಸಗಿ ಸಿವುಡು ಹಿಡಿದು ಕುಳಿತ ಹೆಣ್ಣುಮಗಳಿಗೆ ಈ ಲೆಕ್ಕ ಹೇಳಿ ನೋಡಿ, ನಕ್ಕಾಳು. ನಮ್ಮ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ 7 ತಾಸು, ಅದರಲ್ಲೂ ರಾತ್ರಿ ಪಾಳಿ ಬಂದರೆ ಬ್ಯಾಟರಿ ಹಿಡಿದು ಹಾವು ಚೇಳಿನ ನಡುವೆ ನೀರು ಕಟ್ಟಬೇಕು. ಗಿಡಕ್ಕೆ ಹಗಲಿನ ಭ್ರಮೆ ಹುಟ್ಟಿಸಲು ದಿನಕ್ಕೆ ಹತ್ತಾರು ತಾಸು ದೀಪ ಉರಿಸುವುದು ನ್ಯಾಯವೇ?

ಹಣವಂತ ದೇಶಗಳಲ್ಲೇ ಲಂಬ ಕೃಷಿ ಎಡವಿದೆ. ಅಮೆರಿಕದ ಏರೋಫಾರ್ಮ್ಸ್ ಕಂಪನಿ 2023ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅಲ್ಲಿಯದೇ ಬೋವರಿ ಫಾರ್ಮಿಂಗ್ 2024ರ ನವೆಂಬರ್‌ನಲ್ಲಿ ಬಾಗಿಲು ಮುಚ್ಚಿತು. 2030ರ ಹೊತ್ತಿಗೆ ಆಹಾರದಲ್ಲಿ ಶೇ 30ರಷ್ಟನ್ನು ತಾನೇ ಉತ್ಪಾದಿಸುತ್ತೇನೆಂದು ಹೊರಟಿದ್ದ ಸಿಂಗಪುರ ಕೂಡ 2025ರಲ್ಲಿ ಆ ಗುರಿ ಕೈಬಿಟ್ಟಿತು. ಸಿಂಗಪುರಕ್ಕೆ ಭೂಮಿಯಿಲ್ಲ, ಅದರ ಹಟಕ್ಕೆ ಅರ್ಥವಿತ್ತು. ಕಿತ್ತೂರಿನಿಂದ ರಾಮದುರ್ಗದವರೆಗೆ ಹೊಲವೇ ಹೊಲ ಇರುವ ನಮಗೆ ಇರುವ ಕೊರತೆ ನೆಲದ್ದಲ್ಲ, ಬೆಲೆಯದ್ದು.

ಮಣ್ಣಿಲ್ಲದೆ ಬೆಳೆಯುವ ವಿದ್ಯೆಯೇ ಬೇಡ ಎನ್ನುವವನು ನಾನಲ್ಲ. ನೆರಳು ಪರದೆಯ ಕೆಳಗೆ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಬೆಳೆಸಿದ ಮೆಣಸಿನಕಾಯಿ, ಕೋಸಿನ ಸಸಿಗಳನ್ನು ನಮ್ಮ ರೈತರು ಈಗಾಗಲೇ ಕೊಂಡು ಹಚ್ಚುತ್ತಿದ್ದಾರೆ. ಮಣ್ಣಿಲ್ಲದ ಬೇಸಾಯದ ನಿಜವಾದ ಉಪಕಾರ ನನಗೆ ಕಂಡದ್ದು ಅಲ್ಲಿ. ಪಟ್ಟಣದವರಿಗೂ ದಾರಿಯಿದೆ: ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿರುವ ‘ಅರ್ಕಾ’ ಲಂಬ ಕೈತೋಟದ ಚೌಕಟ್ಟು ಮಾಳಿಗೆಯ ಮೇಲೆ ಒಂದು ಚದರ ಮೀಟರಿನಷ್ಟು ಜಾಗದಲ್ಲಿ ನಿಲ್ಲುತ್ತದೆ. ಬೆಳಕು ಸೂರ್ಯನದು, ಬಿಲ್ಲು ಬರುವುದಿಲ್ಲ.

ಆದ್ದರಿಂದ ತೋಟಗಾರಿಕೆ ಇಲಾಖೆಗೆ ನನ್ನ ಕೋರಿಕೆ ಇಷ್ಟು. ಲಂಬ ಕೃಷಿ ಘಟಕಕ್ಕೆ ಸಹಾಯಧನ ಕೊಡುವ ಮುನ್ನ ಕಿಲೋ ಫಸಲಿಗೆ ತಗಲುವ ಕರೆಂಟಿನ ಲೆಕ್ಕವನ್ನು ಜನರ ಮುಂದೆ ಇಡಲಿ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ತಾಲ್ಲೂಕುಗಳಿಗೆ ಮೊದಲು ಬೇಕಿರುವುದು ಸಸಿಮಡಿಗಳು, ಹನಿ ನೀರಾವರಿ, ದರ ಬಿದ್ದಾಗ ಉಳ್ಳಾಗಡ್ಡಿ ಕೂಡಿಡಲು ಗಾಳಿಯಾಡುವ ಶೆಡ್ಡುಗಳು. ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅರ್ಕಾ ಚೌಕಟ್ಟನ್ನು ನಮ್ಮ ಪಟ್ಟಣಗಳಲ್ಲಿ ಬೆಳೆಸಿ ತೋರಿಸಲಿ, ನೋಡಲು ನಾವೂ ಬರುತ್ತೇವೆ.

– ಒಬ್ಬ ರೈತ, ಸವದತ್ತಿ ತಾಲ್ಲೂಕು